ತೇಲುವುದೂ ಮುಳುಗುವುದೂ

ಲೋಕದ ಪದಾರ್ಥಗಳನ್ನು ಪಂಡಿತರು ಚರಾಚರಗಳೆಂದೂ ಸಜೀವ ನಿರ್ಜೀವಗಳೆಂದೂ ಬಗೆಬಗೆಯಾಗಿ ವಿಂಗಡಿಸಿದ್ದಾರೆ. ನೀರಿಗೆ ಈ ಪಾಂಡಿತ್ಯವಿಲ್ಲ. ತನ್ನೊಳಗೆ ಬಿದ್ದುದನ್ನೆಲ್ಲ ಅದು ಎರಡೇ ಪಂಗಡ ಮಾಡುತ್ತದೆ: ತೇಲುವುದು ಮತ್ತು ಮುಳುಗುವುದು. ನಮ್ಮ ನುಡಿಯಾದರೋ ಈ ಎರಡು ಪಂಗಡಗಳಲ್ಲಿ ಯಾವುದಕ್ಕೂ ಮರ್ಯಾದೆ ಕೊಟ್ಟಂತೆ ಕಾಣುವುದಿಲ್ಲ. ಸಾಲದಲ್ಲಿ ಮುಳುಗಿದವನನ್ನು ಕಂಡು ಮರುಗುತ್ತೇವೆ. ಮನೆ ಮುಳುಗಿತೆಂದು ಅಳುತ್ತೇವೆ. ಹಾಗಾದರೆ ತೇಲುವುದು ಲೇಸೆಂದುಕೊಳ್ಳೋಣವೇ? ಮಾತನ್ನು ತೇಲಿಸಿ ಬಿಡುವವನನ್ನು ಯಾರೂ ನಂಬುವುದಿಲ್ಲ. ತೇಲುಗಣ್ಣು ರೋಗಿಯ ಲಕ್ಷಣ. ಹೀಗೆ ನಾವು ಎರಡಕ್ಕೂ ಒಂದೊಂದು ಅಪವಾದವನ್ನು ಹೊರಿಸಿದ್ದೇವೆ. ನೀರು ಮಾತ್ರ ಯಾರನ್ನೂ ಹೊಗಳುವುದಿಲ್ಲ, ತೆಗಳುವುದಿಲ್ಲ, ತೂಗುತ್ತದೆ, ಅಷ್ಟೆ.

ಆ ತೂಕದ ನಿಯಮವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಾಕ್ಯೂಸ್ ಪಟ್ಟಣದ ಆರ್ಕಿಮಿಡೀಸನು ಹೇಳಿಟ್ಟನೆಂಬುದು ಸರ್ವಶ್ರುತವಾದ ಸಂಗತಿ. ಒಂದು ವಸ್ತುವು ದ್ರವದಲ್ಲಿ ಇಳಿದಾಗ ಎಷ್ಟು ದ್ರವವನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ದ್ರವದ ತೂಕದ ಬಲದಿಂದ ಆ ದ್ರವವು ಅದನ್ನು ಮೇಲಕ್ಕೆತ್ತುತ್ತದೆ. ವಸ್ತುವಿನ ತೂಕ ಅದಕ್ಕಿಂತ ಹೆಚ್ಚಾದರೆ ಮುಳುಗಿತು, ಕಡಮೆಯಾದರೆ ತೇಲಿತು. ಇಲ್ಲಿ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ಸಾಸಿವೆಯಷ್ಟು ಮರಳು ಮುಳುಗುವ ನೀರಿನಲ್ಲಿ ಆನೆಯಷ್ಟು ಮರದ ತೊಲೆ ತೇಲುತ್ತದೆ. ಸಮಾನವಾದ ಅಳತೆಯ ನೀರಿಗಿಂತ ಒಂದು ಪದಾರ್ಥ ಎಷ್ಟು ಪಟ್ಟು ಭಾರವೆಂಬುದನ್ನು ಶಾಸ್ತ್ರದಲ್ಲಿ ವಿಶಿಷ್ಟ ಗುರುತ್ವವೆನ್ನುತ್ತಾರೆ. ನೀರನ್ನು 1 ಎಂದಿಟ್ಟುಕೊಂಡರೆ ಶೇಂಗಾ ಎಣ್ಣೆ 0.91ರಷ್ಟು, ಜೇನುತುಪ್ಪ ಸುಮಾರು 1.42, ಪಾದರಸ 13.6. ಇಷ್ಟು ತಿಳಿದರೆ ಅಡಿಗೆಮನೆಯ ಅರ್ಧ ಭೌತಶಾಸ್ತ್ರ ಮುಗಿಯಿತು.

ಉಳಿದರ್ಧ ಮುಗಿಯದೆ ಹೋದುದು ಸಾಬೂನಿನ ದೆಸೆಯಿಂದ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ನಮ್ಮ ಹಿರಿಯರಿಗೆ ದ್ರವರೂಪದ ಸಾಬೂನು ಹೊಸದಲ್ಲ. ಅಂಟುವಾಳದ ಕಾಯಿಯನ್ನು ನೆನೆಯಿಸಿ ಕಿವುಚಿದರೆ ನೊರೆನೊರೆಯಾದ ನೀರು ಬರುತ್ತಿತ್ತು. ಇಳಕಲ್ಲ ಸೀರೆಯ ರೇಶಿಮೆಯ ಸೆರಗಿಗೂ ಅಕ್ಕಸಾಲಿಗನ ಬಂಗಾರಕ್ಕೂ ಅದೇ ಸ್ನಾನ. ತಲೆಗೆ ಸೀಗೆಕಾಯಿ, ಪಾತ್ರೆಗೆ ಬೂದಿ, ಹುಣಿಸೆಹಣ್ಣು. ಗಟ್ಟಿಯಾದ ಬಿಲ್ಲೆಯ ಸಾಬೂನು ಮನೆಮನೆಗೆ ಬಂದುದು ಆಮೇಲೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಿನಲ್ಲಿ ಸರಕಾರದ ಸಾಬೂನು ಕಾರ್ಖಾನೆ ಹುಟ್ಟಿತು. ಶ್ರೀಗಂಧದ ಎಣ್ಣೆಯ ಸಾಬೂನು ಕನ್ನಡಿಗರ ಹೆಮ್ಮೆಯ ವಸ್ತುವಾಯಿತು. ಆದರೆ ಎಷ್ಟು ಸುಗಂಧವಿದ್ದರೇನು, ಖಾನಾಪುರದ ಬಳಿ ಮಲಪ್ರಭೆಯಲ್ಲಿ ಮೀಯುವವನ ಕೈಯಿಂದ ಜಾರಿದ ಬಿಲ್ಲೆ ನೇರವಾಗಿ ತಳವನ್ನೇ ಸೇರುವುದು. ಗಟ್ಟಿ ಸಾಬೂನು ನೀರಿಗಿಂತ ಭಾರ. ಅಮೇರಿಕೆಯಲ್ಲಿ ಒಂದು ಕಂಪನಿಯವರು ಈ ಕಷ್ಟವನ್ನು ಕಂಡು, ಸಾಬೂನಿನ ಪಾಕದೊಳಗೆ ಗಾಳಿಯನ್ನು ಕಡೆದು ಸೇರಿಸಿ ನೀರಿನ ಮೇಲೆ ತೇಲುವ ಬಿಲ್ಲೆಯನ್ನು ಮಾಡಿದರು. 1879ರಿಂದ ಅದು ಐವರಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಕೆಲಸಗಾರನೊಬ್ಬನು ಯಂತ್ರವನ್ನು ನಿಲ್ಲಿಸಲು ಮರೆತುದರಿಂದ ಇದು ಆಕಸ್ಮಿಕವಾಗಿ ಹುಟ್ಟಿತೆಂಬ ಕಥೆ ಬಹುಕಾಲ ನಡೆಯಿತು. ಬುದ್ಧಿಪೂರ್ವಕವಾಗಿಯೇ ಮಾಡಿದರೆಂಬುದಕ್ಕೆ ಆ ಮನೆತನದವರು 1863ರಲ್ಲಿ ಬರೆದಿಟ್ಟ ಟಿಪ್ಪಣಿ ಮುಂದೆ ದೊರೆಯಿತು. ಕಥೆಯೂ ಹಗುರಾದರೆ ತೇಲುತ್ತದೆ. ನಿಜ ತಳದಲ್ಲಿ ಕಾದುಕೊಂಡಿರುತ್ತದೆ.

ಈಗ ಮತ್ತೆ ದ್ರವದ ಕಾಲ ಬಂದಿದೆ. ಪಾತ್ರೆ ತಿಕ್ಕುವುದಕ್ಕೊಂದು ಬಾಟಲಿ, ಕೈ ತೊಳೆಯುವುದಕ್ಕೊಂದು, ನೆಲಕ್ಕೊಂದು, ಅರಿವೆಗೊಂದು. ಬೆಳಗಾವಿಯ ನೆಹರು ನಗರದಲ್ಲಿ ನಮ್ಮ ಓಣಿಯ ತುದಿಗೆ ಇರುವ ಒಬ್ಬ ಹೆಣ್ಣುಮಗಳು ಇಂಥ ಸಾಬೂನನ್ನು ಮನೆಯಲ್ಲಿಯೇ ತಯಾರಿಸಿ ಮಾರುತ್ತಾಳೆ. ಆಕೆಯ ತವರು ಖಾನಾಪುರದ ಕಡೆಯ ಹಳ್ಳಿ. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳ ಶಾಲೆಯ ಖರ್ಚು ಈ ಬಾಟಲಿಗಳಿಂದಲೇ ನಡೆಯಬೇಕು. ಪೇಟೆಯಿಂದ ಮೂಲದ್ರವ್ಯಗಳನ್ನು ತಂದು, ದೊಡ್ಡ ಬಕೆಟ್ಟಿನಲ್ಲಿ ಮರದ ಕೋಲಿನಿಂದ ತಿರುವಿ, ಒಂದು ರಾತ್ರಿ ನೊರೆ ಇಳಿಯಲು ಬಿಟ್ಟು, ಬೆಳಗಿಗೆ ತುಂಬಿಕೊಂಡು ಮನೆಮನೆಗೆ ಒಯ್ಯುತ್ತಾಳೆ. ಕೆಲಸ ಅಚ್ಚುಕಟ್ಟು, ಬೆಲೆ ಅಗ್ಗ. ಆದರೂ ಒಂದು ದೂರು ಆಕೆಯ ಬೆನ್ನು ಬಿಡಲಿಲ್ಲ. ಬಾಟಲಿಯನ್ನು ಅಲುಗಾಡಿಸಿ ನೋಡಿದವರೆಲ್ಲ ಮೂಗು ಮುರಿದು, “ಏನ್ ಬಾಯಿ, ಇದು ಬರೇ ನೀರ ಆಗೇತಲ್ಲ!” ಎನ್ನುವರು. ಅಂಗಡಿಯ ಸಾಬೂನು ಮಂದವಾಗಿ, ಜೇನಿನಂತೆ ಎಳೆಎಳೆಯಾಗಿ ಇಳಿಯುವುದು. ಈಕೆಯದು ಸರ್ರನೆ ಸುರಿಯುವುದು. ಮಂದವಾದದ್ದು ಭಾರ, ಭಾರವಾದದ್ದು ಸತ್ವವುಳ್ಳದ್ದು ಎಂಬುದು ಓಣಿಯ ತರ್ಕಶಾಸ್ತ್ರ.

ಈ ತರ್ಕ ನಮ್ಮ ಓಣಿಯದು ಮಾತ್ರವಲ್ಲ. ಮಂದತನವೂ ಭಾರವೂ ಒಂದೇ ಎಂದು ನಮ್ಮ ಕೈ ನಮಗೆ ಬಾಲ್ಯದಿಂದಲೂ ಸುಳ್ಳು ಹೇಳುತ್ತ ಬಂದಿದೆ. ಹರಳೆಣ್ಣೆಯನ್ನು ನೋಡಿರಿ. ಅದಕ್ಕಿಂತ ಮಂದವಾದ ಎಣ್ಣೆ ಮನೆಯಲ್ಲಿ ಬೇರೆ ಇಲ್ಲ. ಚಮಚದಿಂದ ಇಳಿಯಲು ಅದಕ್ಕೆ ಮನಸ್ಸೇ ಬರುವುದಿಲ್ಲ. ಆದರೂ ಅದರ ವಿಶಿಷ್ಟ ಗುರುತ್ವ 0.96, ನೀರಿನ ಮೇಲೆ ಹಾಯಾಗಿ ತೇಲುತ್ತದೆ. ಪಾದರಸವಾದರೋ ನೀರಿನಂತೆ ಚುರುಕಾಗಿ ಓಡುತ್ತದೆ. ಅದರ ಮೇಲೆ ಕಬ್ಬಿಣದ ಗುಂಡು ಬೆಂಡಿನಂತೆ ತೇಲುತ್ತದೆ. ದ್ರವದ ಕಣಕಣಗಳು ಒಂದರ ಮೇಲೊಂದು ಜಾರುವಾಗ ತೋರಿಸುವ ಹಟವೇ ಮಂದತನ. ಅದನ್ನು ಶಾಸ್ತ್ರಕಾರರು ಸ್ನಿಗ್ಧತೆಯೆಂದರು. ಇಷ್ಟು ಸ್ಥಳದಲ್ಲಿ ಎಷ್ಟು ಪದಾರ್ಥ ಅಡಕವಾಗಿದೆ ಎಂಬ ಲೆಕ್ಕವೇ ಸಾಂದ್ರತೆ. ತೇಲಬೇಕೋ ಮುಳುಗಬೇಕೋ ಎಂಬುದು ಸಾಂದ್ರತೆಯ ತೀರ್ಪು. ಆ ತೀರ್ಪು ಎಷ್ಟು ಬೇಗ ಜಾರಿಗೆ ಬರಬೇಕೆಂಬುದಷ್ಟೇ ಸ್ನಿಗ್ಧತೆಯ ಅಧಿಕಾರ. ಗೋಂದಿನಂಥ ಪದಾರ್ಥವನ್ನು ಬೆರೆಸಿದ ಕೆಲವು ಸಾಬೂನುಗಳಲ್ಲಿ ಗಾಳಿಯ ಗುಳ್ಳೆಗಳು ತಿಂಗಳುಗಟ್ಟಲೆ ನಡುನೀರಿನಲ್ಲಿ ನಿಂತಿರುವುದನ್ನು ವಾಚಕರು ಕಂಡಿರಬಹುದು. ಅವುಗಳ ವ್ಯಾಜ್ಯವೂ ಗೆದ್ದದ್ದೇ. ತೀರ್ಪು ಜಾರಿಯಾಗಿಲ್ಲ, ಅಷ್ಟೆ. ಕೋರ್ಟು ಕಚೇರಿಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಹಳ ವರ್ಷ ಹುಡುಗರಿಗೆ ವಿಜ್ಞಾನ ಕಲಿಸಿದವನಾದ ನನ್ನ ಬಳಿಗೆ ಆಕೆ ಒಂದು ದಿನ ಬಂದು, “ಮಾಸ್ತರ, ನಂದು ಖರೇನ ನೀರೇನ್ರಿ? ನೀವರ ಒಮ್ಮೆ ನೋಡಿ ಹೇಳ್ರಿ,” ಎಂದು ಬಾಟಲಿಯನ್ನು ಮುಂದಿಟ್ಟಳು. ನನ್ನ ಮನೆಯಲ್ಲಿ ಹಾಲು ನೋಡುವ ಗಾಜಿನ ಲ್ಯಾಕ್ಟೋಮೀಟರ್ ಒಂದಿತ್ತು. ಶುದ್ಧವಾದ ಆಕಳ ಹಾಲಿನ ವಿಶಿಷ್ಟ ಗುರುತ್ವ 1.028ರಿಂದ 1.030ರ ಆಸುಪಾಸು, ಆ ಕೊಳವೆಯ ಮೇಲೆ ಅದು 28, 30 ಎಂಬ ಗೀಟುಗಳಾಗಿ ಕಾಣುತ್ತದೆ. ನೀರು ಬೆರೆತಷ್ಟೂ ಕೊಳವೆ ಆಳಕ್ಕಿಳಿದು ಗೀಟು ಕಡಮೆಯಾಗುತ್ತದೆ. ಎತ್ತರದ ಎರಡು ಲೋಟಗಳಲ್ಲಿ ಆಕೆಯ ಸಾಬೂನನ್ನೂ ಅಂಗಡಿಯ ಸಾಬೂನನ್ನೂ ತುಂಬಿ, ನೊರೆಯನ್ನು ತೆಗೆದು, ಕೊಳವೆಯನ್ನು ಇಳಿಬಿಟ್ಟೆ. ಆಕೆಯದರಲ್ಲಿ ಅದು ಎರಡು ಸಾರಿ ಮೇಲೆ ಕೆಳಗೆ ಆಡಿ ಮೂವತ್ತರ ಹತ್ತಿರ ನಿಂತಿತು. ಅಂಗಡಿಯದರಲ್ಲಿ ಇಳಿಯಲೋ ಬೇಡವೋ ಎಂದು ಬಹಳ ಹೊತ್ತು ಅನುಮಾನಿಸಿ, ನಾವು ಒಂದು ಕಪ್ಪು ಚಹಾ ಮುಗಿಸುವ ವೇಳೆಗೆ, ಕೊನೆಗೆ ಅದೇ ಗೀಟಿನ ನೆರೆಯಲ್ಲಿಯೇ ನಿಂತಿತು. ಲ್ಯಾಕ್ಟೋಮೀಟರಿನ ದೃಷ್ಟಿಯಲ್ಲಿ ಎರಡೂ ಒಳ್ಳೆಯ ಆಕಳ ಹಾಲು!

ಇದನ್ನು ಕೇಳಿ ಆಕೆ ನಕ್ಕಳು. ಆದರೆ ಕೂಡಲೇ ಎರಡನೆಯ ಪ್ರಶ್ನೆಯನ್ನು ಕೇಳಿದಳು. ಸಾಬೂನು ಮಾಡುವ ಇನ್ನೊಬ್ಬರು ಆಕೆಗೆ ಒಂದು ಉಪಾಯ ಹೇಳಿದ್ದರಂತೆ: ಒಂದು ಹಿಡಿ ಅಡಿಗೆಯ ಉಪ್ಪನ್ನು ಕರಗಿಸಿ ಸೇರಿಸಿದರೆ ಸಾಬೂನು ತಾನೇ ಮಂದವಾಗುವುದು. ಈ ಮಾತು ನಿಜ. ಇಂದಿನ ದ್ರವಸಾಬೂನಿನ ಕಣಗಳು ನೀರಿನಲ್ಲಿ ಗುಂಪುಗೂಡಿ ನಿಂತಿರುತ್ತವೆ; ಉಪ್ಪು ಬಿದ್ದೊಡನೆ ಆ ಗುಂಪುಗಳು ನೀಳವಾಗಿ, ಒಂದಕ್ಕೊಂದು ತೊಡಕಿಕೊಂಡು ದ್ರವವನ್ನು ಮಂದಗೊಳಿಸುತ್ತವೆ. ಒಂದು ಮಿತಿಯನ್ನು ದಾಟಿ ಉಪ್ಪು ಹಾಕಿದರೆ ಮತ್ತೆ ತೆಳ್ಳಗಾಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿಯೂ ಈ ಉಪಾಯ ಬಳಕೆಯಲ್ಲಿದೆ. ಅದು ಮೋಸವೂ ಅಲ್ಲ. ಆದರೆ ಕೊಳೆಯನ್ನು ತೆಗೆಯುವ ಕೆಲಸ ಉಪ್ಪಿನದಲ್ಲ. ನೀರು ಹೆಚ್ಚಿಗೆ ಬೆರೆಸಿ, ಮೇಲೆ ಉಪ್ಪು ಹಾಕಿ ಮಂದ ಮಾಡಿದರೆ ಕೈಗೂ ಕಣ್ಣಿಗೂ ಏನೂ ತಿಳಿಯದು. ಲ್ಯಾಕ್ಟೋಮೀಟರಿಗೂ ತಿಳಿಯದು, ಏಕೆಂದರೆ ಉಪ್ಪು ಸಾಂದ್ರತೆಯನ್ನೂ ಏರಿಸುತ್ತದೆ. ಹಾಲಿನ ವ್ಯಾಪಾರದಲ್ಲಿ ಈ ಜಾಣತನ ಹಳೆಯದು. ಕೆನೆ ನೀರಿಗಿಂತ ಹಗುರು. ಅದನ್ನು ತೆಗೆದರೆ ಉಳಿದ ಹಾಲು ಭಾರವಾಗುತ್ತದೆ. ಆಗ ಅಳತೆಯಾಗಿ ನೀರು ಹೊಯ್ದರೆ ಕೊಳವೆ ಮತ್ತೆ ಮೊದಲಿನ ಗೀಟಿಗೇ ಬಂದು ನಿಲ್ಲುತ್ತದೆ. ಎರಡು ಸಲ ಮೋಸ ಮಾಡಿದವನಿಗೆ ಪ್ರಾಮಾಣಿಕನೆಂಬ ಪತ್ರ ಸಿಕ್ಕುತ್ತದೆ. ಒಂದೇ ಸಲ ಮಾಡಿದವನು ಸಿಕ್ಕಿಬೀಳುತ್ತಾನೆ. ಅದಕ್ಕಾಗಿಯೇ ಹಾಲಿನ ಸಂಘಗಳಲ್ಲಿ ಸಾಂದ್ರತೆಯ ಜೊತೆಗೆ ಕೊಬ್ಬಿನ ಅಂಶವನ್ನೂ ಅಳೆಯುತ್ತಾರೆ.

ಹಾಗಾದರೆ ಸಾಬೂನಿನ ಪರೀಕ್ಷೆ ಯಾವುದು? ಪಾತ್ರೆಯೇ ಪರೀಕ್ಷೆ. ಒಂದೇ ಅಳತೆಯ ಚಮಚದಿಂದ ಎರಡನ್ನೂ ತೆಗೆದುಕೊಂಡು, ಒಂದೇ ಬಗೆಯ ಎಣ್ಣೆಯ ತಾಟುಗಳನ್ನು ತಿಕ್ಕಿ, ಯಾವುದು ಎಷ್ಟನೆಯ ತಾಟಿಗೆ ಕೈ ಸೋತಿತೆಂದು ಎಣಿಸುವುದು. ಈ ಮಾತು ಆಕೆಯ ಮನಸ್ಸಿಗೆ ಹಿಡಿಸಿತು. ಅಂದಿನಿಂದ ಗಿರಾಕಿಗಳು “ನೀರು” ಎಂದೊಡನೆ ಆಕೆ ವಾದಕ್ಕೆ ನಿಲ್ಲದೆ, “ಒಂದ್ ಚಮಚಾ ತೊಗೊಂಡ ತಿಕ್ಕಿ ನೋಡ್ರಿ ವೈನಿ, ರೊಕ್ಕಾ ನಾಳೆ ಕೊಡ್ರಿ,” ಎಂದು ಬಾಟಲಿಯನ್ನಿಟ್ಟು ಬರತೊಡಗಿದಳು. ಉಪ್ಪಿನ ಗೊಡವೆಗೆ ಹೋಗಲಿಲ್ಲ. ಕೆಲವರು ಕೈಬಿಟ್ಟರು, ಹೆಚ್ಚಿನವರು ನಿಂತರು.

ಸಾಬೂನಿನ ಇನ್ನೊಂದು ಮಾಯೆಯನ್ನು ಹೇಳದೆ ಮುಂದೆ ಹೋಗಲಾರೆ. ಬಟ್ಟಲಿನ ನೀರಿನ ಮೇಲೆ ಒಂದು ಒಣ ಹೊಲಿಗೆಸೂಜಿಯನ್ನು ಮೆಲ್ಲಗೆ ಅಡ್ಡಲಾಗಿ ಇಟ್ಟರೆ ಅದು ನಿಲ್ಲುತ್ತದೆ. ಉಕ್ಕು ನೀರಿನ ಏಳೆಂಟು ಪಟ್ಟು ಭಾರ. ಆರ್ಕಿಮಿಡೀಸನ ಲೆಕ್ಕದಲ್ಲಿ ಅದು ಮುಳುಗಲೇಬೇಕು. ಆದರೆ ನೀರಿನ ಮೇಲ್ಮೈ ಬಿಗಿದ ತೊಗಲಿನಂತೆ ಅದನ್ನು ಹೊತ್ತಿರುತ್ತದೆ. ಈಗ ಬಟ್ಟಲಿನ ಅಂಚಿಗೆ ಸಾಬೂನಿನ ಒಂದೇ ಹನಿಯನ್ನು ತಾಗಿಸಿರಿ. ನೀರಿನ ತೂಕ ಹೆಚ್ಚಾಗಲಿಲ್ಲ, ಕಡಮೆಯಾಗಲಿಲ್ಲ. ಆದರೂ ಸೂಜಿ ಸಟ್ಟನೆ ತಳಕ್ಕಿಳಿಯುತ್ತದೆ. ಸಾಬೂನು ಆ ಬಿಗಿಯನ್ನು ಸಡಿಲಿಸಿಬಿಟ್ಟಿತು. ಈ ಸಡಿಲಿಕೆಯಿಂದಲೇ ನೀರು ಅರಿವೆಯ ನೂಲಿನೊಳಗೆ ಹೊಗುತ್ತದೆ. ಇದರಿಂದಲೇ ಎಣ್ಣೆ ಚೂರುಚೂರಾಗಿ ನೀರಿನ ಸಂಗಡ ಹೊರಡಲು ಒಪ್ಪುತ್ತದೆ. ತನ್ನ ಸ್ವಂತ ಯೋಗ್ಯತೆಯಿಂದ ತೇಲುವವರು ಬೇರೆ, ಸುತ್ತಲಿನವರ ಬಿಗಿತದಿಂದ ತೇಲುವವರು ಬೇರೆ. ಒಂದು ಹನಿ ಸಾಬೂನು ಬಿದ್ದಾಗ ಅವರ ವ್ಯತ್ಯಾಸ ತಿಳಿಯುತ್ತದೆ.

ತೇಲಿಸಿ ಮುಳುಗಿಸಿ ನೋಡುವ ವಿದ್ಯೆ ಒಕ್ಕಲಿಗರಿಗೂ ಗೊತ್ತು. ಖಾನಾಪುರದ ಸೀಮೆ ಮಳೆಯ ನಾಡು, ಭತ್ತದ ನಾಡು. ಬಿತ್ತುವ ಭತ್ತವನ್ನು ಆರಿಸಲು ಕೃಷಿಶಾಸ್ತ್ರಜ್ಞರು ಹೇಳುವ ಕ್ರಮ ಹೀಗಿದೆ: ನೀರಿನಲ್ಲಿ ಒಂದು ಹೊಸ ಕೋಳಿಮೊಟ್ಟೆಯನ್ನು ಬಿಡಬೇಕು, ಅದು ಮುಳುಗುವುದು. ಉಪ್ಪನ್ನು ಕರಗಿಸುತ್ತ ಹೋಗಬೇಕು. ಮೊಟ್ಟೆ ಮೇಲೆದ್ದು ನಾಣ್ಯದಷ್ಟು ತಲೆ ತೋರಿದಾಗ ನಿಲ್ಲಿಸಬೇಕು. ಆ ನೀರಿಗೆ ಬೀಜವನ್ನು ಸುರಿದರೆ ಜೊಳ್ಳು, ಅರೆಜೊಳ್ಳುಗಳು ತೇಲುತ್ತವೆ. ತುಂಬಿದ ಕಾಳು ತಳಕ್ಕೆ ಕೂಡುತ್ತದೆ. ತೇಲಿದುದನ್ನು ತೆಗೆದುಹಾಕಿ, ಮುಳುಗಿದುದನ್ನು ಸಿಹಿನೀರಿನಲ್ಲಿ ಎರಡು ಸಲ ತೊಳೆದು ಬಿತ್ತಬೇಕು. ಇಲ್ಲವಾದರೆ ಉಪ್ಪು ಮೊಳಕೆಯನ್ನು ಕೆಡಿಸುತ್ತದೆ. ಬರಿಯ ನೀರಿನಲ್ಲಿ ಒಳ್ಳೆಯದಾಗಿ ಮುಳುಗಿದ ಎಷ್ಟೋ ಕಾಳು ಉಪ್ಪುನೀರಿನಲ್ಲಿ ತೇಲುತ್ತವೆ. ಪರೀಕ್ಷೆ ಬಿಗಿಯಾದಷ್ಟೂ ತೇಲುವವರು ಹೆಚ್ಚು.

ಇದಕ್ಕಿಂತ ಬಿಗಿಯಾದ ಪರೀಕ್ಷೆಯೊಂದನ್ನು ನಾನು ನಮ್ಮ ನಗರದಲ್ಲಿಯೇ ಕಂಡೆ. ನೆಹರು ನಗರವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಆಸ್ಪತ್ರೆ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯವರು 1963ರಲ್ಲಿ ಸ್ಥಾಪಿಸಿದ ವೈದ್ಯಕೀಯ ಕಾಲೇಜು ಇಲ್ಲಿಯೇ ಇದೆ. ಅದರಿಂದಾಗಿ ಸುತ್ತಲಿನ ಹಳ್ಳಿಗಳ ನೋವೆಲ್ಲ ನಮ್ಮ ರಸ್ತೆಗಳನ್ನು ಹಾದೇ ಹೋಗುತ್ತದೆ. ಸಾಬೂನಿನ ಹೆಣ್ಣುಮಗಳ ಅಕ್ಕನ ಮಗಳು ಹೆರಿಗೆಗೆ ಊರಿನ ಒಂದು ಆಸ್ಪತ್ರೆಗೆ ಬಂದಿದ್ದಳು. ರಕ್ತ ಬೇಕಾಗಬಹುದೆಂದು ವೈದ್ಯರು ಹೇಳಿದ್ದರು. ಇಪ್ಪತ್ತು ಲೀಟರಿನ ಕ್ಯಾನನ್ನು ಒಂದೇ ಕೈಯಲ್ಲಿ ಎತ್ತುವ ಈಕೆ, “ನಾ ಕೊಡ್ತೀನ್ರಿ” ಎಂದು ಮುಂದಾದಳು. ಜೊತೆಗೆ ನಾನೂ ಹೋಗಿದ್ದೆ.

ರಕ್ತಭಂಡಾರದ ಮೇಜಿನ ಮೇಲೆ ಮೈಲುತುತ್ತದ ನೀಲಿ ದ್ರಾವಣವಿದ್ದ ಗಾಜಿನ ಪಾತ್ರೆಯಿತ್ತು. ಅದರ ವಿಶಿಷ್ಟ ಗುರುತ್ವವನ್ನು ಸರಿಯಾಗಿ 1.053ಕ್ಕೆ ನಿಲ್ಲಿಸಿರುತ್ತಾರೆ. ದಾನಿಯ ಬೆರಳನ್ನು ಚುಚ್ಚಿ ಒಂದು ಹನಿ ರಕ್ತವನ್ನು ಮೇಲಿನಿಂದ ಬಿಡುತ್ತಾರೆ. ದ್ರಾವಣಕ್ಕೆ ಬಿದ್ದೊಡನೆ ಹನಿಯ ಸುತ್ತ ತಾಮ್ರದ ತೆಳುವಾದ ಪೊರೆ ಕಟ್ಟಿ, ಅದು ಚೆದರದೆ ಮಣಿಯಂತೆ ಉಳಿಯುತ್ತದೆ. ಹದಿನೈದು ಸೆಕೆಂಡುಗಳೊಳಗೆ ಆ ಮಣಿ ಮುಳುಗಿದರೆ, ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಮಿಗೆ ಕಡಮೆಯಿಲ್ಲವೆಂದು ಅರ್ಥ. ನಮ್ಮ ದೇಶದಲ್ಲಿ ರಕ್ತದಾನಕ್ಕೆ ಅಷ್ಟಿರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕೆಯ ವಿಜ್ಞಾನಿಗಳು ರೂಢಿಗೆ ತಂದ ಈ ವಿಧಾನ, ಅಗ್ಗವೂ ಶೀಘ್ರವೂ ಆದುದರಿಂದ, ಇಂದಿಗೂ ನಮ್ಮಲ್ಲಿ ಎಷ್ಟೋ ಕಡೆ ಉಳಿದಿದೆ.

ಆಕೆಯ ಹನಿ ಅರ್ಧದವರೆಗೆ ಇಳಿಯಿತು, ನಿಂತಿತು, ಆಮೇಲೆ ನಿಧಾನವಾಗಿ ಮೇಲಕ್ಕೆದ್ದಿತು. ಅಲ್ಲಿದ್ದ ತರುಣಿ ಯಂತ್ರದಲ್ಲಿಯೂ ಅಳೆದು ನೋಡಿ, “ಕಾಕೂ, ಈಗ ನಿಮ್ಮಿಂದ ತೊಗೊಳ್ಳಾಕ ಬರೂದಿಲ್ರಿ, ಮೊದಲ ನೀವ ಡಾಕ್ಟರಿಗೆ ತೋರಸ್ರಿ,” ಎಂದಳು. ಈಕೆ ಒಂದು ನಿಮಿಷ ಆ ನೀಲಿ ಪಾತ್ರೆಯನ್ನೇ ನೋಡುತ್ತಿದ್ದು, ನನ್ನ ಕಡೆಗೆ ತಿರುಗಿ ಕೇಳಿದಳು: “ನನ್ನ ರಕ್ತಾನೂ ನೀರ ಆಗೇತೇನ್ರಿ ಮಾಸ್ತರ?”

ಓಣಿಯವರು ಸಾಬೂನಿಗೆ ಅಂದ ಮಾತನ್ನು ಆಕೆ ಅಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳೆಂಬುದು ನನಗೆ ಆಗ ತಿಳಿಯಿತು. ರಕ್ತ ನೀರಾಗಿಲ್ಲ, ಅದರೊಳಗೆ ಕಬ್ಬಿಣ ಸಾಲದಾಗಿದೆ, ಅಷ್ಟೆ ಎಂದೆ. ಆಕೆಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಓಣಿಯ ಇಬ್ಬರು ಹುಡುಗರು ಬಂದು ಆ ಹೊತ್ತಿನ ಅಗತ್ಯವನ್ನು ಪೂರೈಸಿದರು. ತಾಯಿ ಮಗು ಇಬ್ಬರೂ ಕ್ಷೇಮವಾದರು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇವರು ಹಾಸಿಗೆ ಹಿಡಿದವರಲ್ಲ. ನೀರು ಹೊರುವವರು, ಕಸ ಗುಡಿಸುವವರು, ಶಾಲೆಯಲ್ಲಿ ಪಾಠ ಹೇಳುವವರು. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದುದನ್ನು ತಾವು ಉಣ್ಣುವವರು. ದಣಿವನ್ನು ಅವರು ಸಂಸಾರದ ಧರ್ಮವೆಂದುಕೊಂಡಿರುತ್ತಾರೆ. ನಾವೂ ಹಾಗೆಯೇ ಎಂದುಕೊಂಡಿರುತ್ತೇವೆ. ಬಾಟಲಿಯನ್ನು ಅಲುಗಾಡಿಸಿ ಸಾಬೂನಿನ ಸತ್ವವನ್ನು ಅಳೆಯುವ ನಮ್ಮ ಜಾಣತನ, ಅದನ್ನು ಹೊತ್ತು ತಂದವಳ ಮುಖದ ಬಿಳುಪನ್ನು ಕಾಣಲಿಲ್ಲ.

ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ನೀಲಿ ದ್ರಾವಣದ ತೀರ್ಪೂ ಪೂರ್ಣವಾದುದಲ್ಲ. ಕೆಲವು ರೋಗಗಳಲ್ಲಿ ರಕ್ತದೊಳಗಿನ ಪ್ರೋಟೀನು ಅತಿಯಾಗಿ ಏರಿ, ಹಿಮೋಗ್ಲೋಬಿನ್ ಕಡಮೆಯಿದ್ದರೂ ಹನಿಯನ್ನು ಮುಳುಗಿಸಿಬಿಡುತ್ತದೆ. ಸಾಬೂನಿನಲ್ಲಿ ಉಪ್ಪು ಮಾಡಿದ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಆದುದರಿಂದ ಒಂದೇ ಅಳತೆಯನ್ನು ನಂಬಿ ಯಾವುದನ್ನೂ, ಯಾರನ್ನೂ ಪೂರ್ತಿಯಾಗಿ ತಿಳಿದೆವೆನ್ನಬಾರದು. ಆದರೂ ಅಳತೆಯನ್ನೇ ಬಿಟ್ಟು ಕೈಯ ಅಂದಾಜಿನಲ್ಲಿ ನಡೆಯುವುದಕ್ಕಿಂತ ಅದು ಎಷ್ಟೋ ಲೇಸು. ಆ ಒಂದು ಹನಿ ಮೇಲಕ್ಕೆ ಬಾರದಿದ್ದರೆ ಆಕೆ ವೈದ್ಯರ ಬಾಗಿಲನ್ನು ಕಾಣುತ್ತಲೇ ಇರಲಿಲ್ಲ.

ವೈದ್ಯರು ಕಬ್ಬಿಣದ ಗುಳಿಗೆಗಳನ್ನು ಕೊಟ್ಟರು. ಅವನ್ನು ಚಹಾದ ಜೊತೆಗೆ ನುಂಗಬಾರದೆಂದೂ, ಲಿಂಬೆಯ ಹುಳಿ ಒಳ್ಳೆಯದೆಂದೂ ಹೇಳಿದರು. ಊಟದಲ್ಲಿ ಸೊಪ್ಪು, ಕಾಳು ಹೆಚ್ಚಾದವು. ಮಗಳು ದಿನವೂ ಗುಳಿಗೆಯ ಲೆಕ್ಕ ಇಟ್ಟಳು. ಆಷಾಢದ ಮಳೆ ಕಳೆದು, ದೀಪಾವಳಿಯೂ ಆಗಿ, ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಆಕೆ ತಾನಾಗಿಯೇ ರಕ್ತಭಂಡಾರಕ್ಕೆ ಹೋಗಿದ್ದಳಂತೆ. ಈ ಸಲ ಯಾರಿಗೂ ರಕ್ತ ಬೇಕಾಗಿರಲಿಲ್ಲ. ಕೊಡಬೇಕೆಂಬುದು ಆಕೆಗೇ ಬೇಕಾಗಿತ್ತು. ತಿರುಗಿ ಬರುವಾಗ ಓಣಿಯ ಮೊದಲಿನಿಂದಲೇ ಕೂಗಿಕೊಂಡು ಬಂದಳು: “ಮುಳುಗಿತ್ರಿ ಮಾಸ್ತರ, ಮುಳುಗಿತು!”

ನೆರೆಮನೆಯ ಅಜ್ಜಿ ಗಾಬರಿಯಿಂದ ಹೊರಗೆ ಓಡಿಬಂದು, “ಅಯ್ಯ ಶಿವನೇ, ಯಾರ ಮನಿ ಮುಳುಗಿತವ್ವಾ?” ಎಂದಳು. ಆ ಮುದುಕಿಗೆ ವಿಶಿಷ್ಟ ಗುರುತ್ವವನ್ನು ತಿಳಿಸಿ ಹೇಳಲು ನಮ್ಮಿಬ್ಬರಿಗೂ ಸಂಜೆಯವರೆಗೆ ಹಿಡಿಯಿತು.